ಹುಣಸೆಹುಳಿ ತಿಂದ ಅಕ್ಷರಗಳು

ಇವತ್ತು ಬೆಳಿಗ್ಗೆ ಅಮ್ಮ ಹುಣಸೆಹುಳಿ ಹಚ್ಚಿ ಹಿತ್ತಾಳೆ ಚೊಂಬು ತಿಕ್ಕುತ್ತಿದ್ದಳು. ಹುಳಿಯೂ ಲೋಹವೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ, ಕೋಲಸಿರ್ಸಿಯ ನಮ್ಮ ಪಕ್ಕದ ಮನೆಯ ಅಜ್ಜ ನೆನಪಾದರು... ಹಳೆಯ ಡೈರಿ ತೆಗೆದೆ.

ಅಜ್ಜ ವಾಯುಪಡೆಯ ಸಾಗಣೆ ದಳದಲ್ಲಿದ್ದವರು. ವಿಮಾನ ಹಾರಿಸಿದವರಲ್ಲ, ಅಕ್ಕಿ ಮೂಟೆ, ಔಷಧದ ಪೆಟ್ಟಿಗೆಗಳನ್ನು ವಿಮಾನದೊಳಗೆ ಅಲುಗದಂತೆ ಬಿಗಿದು ಕಟ್ಟುತ್ತಿದ್ದವರು. ಯುದ್ಧ ಮುಗಿದ ಮೇಲೆ ದಳದ ಪ್ರತಿಯೊಬ್ಬರಿಗೂ ಹೆಸರು ಕೆತ್ತಿದ ಹಿತ್ತಾಳೆ ಫಲಕ ಕೊಟ್ಟಿದ್ದರಂತೆ. ಅದನ್ನು ಅವರು ದೇವರ ದೀಪಗಳ ಜೊತೆಗೆ ಪ್ರತಿ ಶನಿವಾರ ಹುಳಿ, ಬೂದಿ ಹಾಕಿ ತಿಕ್ಕುತ್ತಿದ್ದರು. ಡೈರಿಯ ಒಂದು ವರ್ಷದಲ್ಲಿ ನಲವತ್ತೊಂಬತ್ತು ಶನಿವಾರಗಳಿಗೆ ಗುರುತು ಹಾಕಿದ್ದೇನೆ. ತಪ್ಪಿದ್ದು ಮೂರು, ಜ್ವರ ಬಂದಾಗ.

ನಾನು ಪಿಯುಸಿಯಲ್ಲಿದ್ದಾಗ, ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದವರ ಹೆಸರಿನ ಕಲ್ಲೊಂದನ್ನು ಶಾಲೆಯ ಗೋಡೆಗೆ ಕೂರಿಸುವುದೆಂದು ಊರವರು ನಿಶ್ಚಯಿಸಿದರು. ಅದಕ್ಕೆ ಪುರಾವೆ ಬೇಕಿತ್ತು. ಅಜ್ಜನ ಕಾಗದಗಳನ್ನು ಗೆದ್ದಲು ತಿಂದಿತ್ತು. ಊರ ಸಮಿತಿಯ ಸಭೆಗೆ ಫಲಕ ತಂದರು, ಜೊತೆಗೆ ನಾನೂ ಹೋಗಿದ್ದೆ. ಅದೋ, ಕನ್ನಡಿಯಂತೆ ಹೊಳೆಯುತ್ತಿತ್ತು. ತಿಕ್ಕಿ ತಿಕ್ಕಿ ಅಕ್ಷರಗಳೆಲ್ಲ ಸವೆದಿದ್ದವು.

ಸಮಿತಿಯ ಹಿರಿಯರೊಬ್ಬರು ತಿರುಗಿಸಿ ಮುರುಗಿಸಿ ನೋಡಿದರು. “ಮುಖ ಚೊಲೋ ಕಾಣ್ತು, ಅಕ್ಷರ ಒಂದೂ ಕಾಣ್ತಿಲ್ಲೆ. ಕಟಿಂಗ್ ಅಂಗಡಿಗೆ ಕನ್ನಡಿ ಮಾಡಲೆ ಕೊಡು ಮಾರಾಯಾ.”

ಎಲ್ಲರೂ ನಕ್ಕರು. ಅಜ್ಜ ಫಲಕವನ್ನು ಪಂಚೆಯ ಅಂಚಿನಿಂದ ಮತ್ತೊಮ್ಮೆ ಒರೆಸಿದರು...

ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ತೀಡಿ ಅಚ್ಚು ತೆಗೆಯುವುದು ನನ್ನ ಹವ್ಯಾಸ. ಡೈರಿಯ ಹಾಳೆಯೊಂದನ್ನು ಹರಿದು ಫಲಕದ ಮೇಲಿಟ್ಟೆ. ಪೆನ್ಸಿಲನ್ನು ಓರೆ ಹಿಡಿದು ಮೆಲ್ಲಗೆ ತೀಡಿದೆ. ಮೊದಲು ಒಂದು ರೆಕ್ಕೆ ಮೂಡಿತು. ಆಮೇಲೆ ದಳದ ಹೆಸರು. ಮೂರನೆಯ ಸಾಲಿನಲ್ಲಿ, ಕಪ್ಪಿನ ನಡುವೆ ಬೆಳ್ಳಗೆ, ಅಜ್ಜನ ಹೆಸರು!

“ಜೋರಾಗಿ ಓದು ತಂಗಿ,” ಅಜ್ಜ ಎದ್ದು ನಿಂತರು. “ಇವ್ರಿಗೆ ಕಣ್ಣು ಕಾಣ್ದಿದ್ರೂ ಕಿವಿ ಕೇಳ್ತದಲ್ಲ!”

ಮೂರು ಸಲ ಓದಿದೆ. ನಕ್ಕಿದ್ದ ಹಿರಿಯರೇ ಅಜ್ಜನ ಕೈ ಹಿಡಿದುಕೊಂಡರು. “ತಪ್ಪಾತು ಮಾರಾಯಾ. ಆ ಹುಳಿಯ ಇನ್ನು ಸಾರಿಗಷ್ಟೇ ಹಾಕು.”

ಕಲ್ಲು ಕೂರಿಸಿದ ದಿನ ಅಜ್ಜ ಇಸ್ತ್ರಿ ಅಂಗಿ ತೊಟ್ಟು ಎಲ್ಲರಿಗಿಂತ ಮುಂದೆ ನಿಂತು ಸೆಲ್ಯೂಟ್ ಹೊಡೆದರು. ಇಳಿಸಿದ ಕೈಯನ್ನು ಮತ್ತೆ ಎತ್ತಿ ಇನ್ನೊಮ್ಮೆ ಹೊಡೆದರು. ಚಪ್ಪಾಳೆ ನಿಲ್ಲಲೇ ಇಲ್ಲ.

ಅವರು ತೀರಿಕೊಂಡು ಐದು ವರ್ಷವಾಯಿತು. ಮೊನ್ನೆ ಶಾಲೆಯ ಮುಂದೆ ಬಸ್ಸಿಳಿದೆ. ಒಂದನೇ ತರಗತಿಯ ಹುಡುಗಿಯೊಬ್ಬಳು ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಕಲ್ಲಿನ ಮೇಲಿನ ನಾಲ್ಕನೆಯ ಹೆಸರನ್ನು, ಅಜ್ಜನ ಹೆಸರನ್ನು, ಕೂಗಿ ಓದುತ್ತಿದ್ದಳು. ಒಂದೂ ತಪ್ಪಿಲ್ಲ. ಕೇಳಲು ಅಜ್ಜ ಇರಬೇಕಿತ್ತು...