ರೂಬೇನಮ್ಮನ ಹೆಸರಿನ ಅರ್ಥ

ನರೋಣಾದಿಂದ ಎರಡು ಹರದಾರಿ ದೂರದ ಒಂದು ಸಣ್ಣ ಊರಿನಲ್ಲಿ ಹನ್ನೊಂದು ಕ್ರೈಸ್ತ ಮನೆಗಳಿದ್ದವು. ಅವರಿಗೊಂದು ತಗಡಿನ ಪ್ರಾರ್ಥನಾಮಂದಿರ, ಮಂದಿರಕ್ಕೊಬ್ಬ ಉಪದೇಶಿ ಅಂಬಾರಾಯ, ಅಂಬಾರಾಯನಿಗೆ ಹನ್ನೆರಡು ಪ್ರಸಂಗ. ಹದಿಮೂರನೆಯದು ಅವನ ಬಳಿ ಇರಲಿಲ್ಲ. ಇಸ್ರಾಯೇಲಿನ ಹನ್ನೆರಡು ಕುಲಗಳಿಗೆ ಮೂಲವಾದ ಯಾಕೋಬನ ಹನ್ನೆರಡು ಗಂಡುಮಕ್ಕಳ ಹೆಸರಿಗೆ ಅರ್ಥವೇನು, ಅದರಿಂದ ಆತ್ಮಕ್ಕೆ ಪಾಠವೇನು ಎಂದು ವಾರಕ್ಕೊಂದರಂತೆ ಹೇಳುತ್ತಿದ್ದ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಸಭೆಗೂ ಇದರಿಂದ ತೊಂದರೆ ಇರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಕೇಳಿದ ಪಾಠವನ್ನು ಪಾಲಿಸಬೇಕೆಂದು ಯಾರಿಗೂ ಅನಿಸುವುದಿಲ್ಲ. ಸಿಮೆಯೋನ ಎಂದರೆ ಕೇಳುವುದು ಎಂದು ಸಾರುವ ವಾರ ಅರ್ಧ ಸಭೆ ತೂಕಡಿಸುತ್ತಿತ್ತು. ಲೇವಿ ಎಂದರೆ ಕೂಡಿಕೊಳ್ಳುವುದು ಎನ್ನುವ ವಾರ ಸಭೆಯ ಹಿರಿಯ ಕಾಶಪ್ಪನೂ ಅವನ ತಮ್ಮನೂ, ಬಾವಿಯ ಜಗಳದ ಗೌರವಾರ್ಥ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು ಆಮೆನ್ ಅನ್ನುತ್ತಿದ್ದರು.

೧೯೭೧ರಲ್ಲಿ ಅಂಬಾರಾಯನ ಹೆಂಡತಿ ಹೀರಾಬಾಯಿ ಬಸುರಾದಾಗ, ಹುಟ್ಟುವ ಮಗನಿಗೆ ರೂಬೇನ ಎಂದು ಹೆಸರಿಡುವುದಾಗಿ ಅವನು ಎಲ್ಲರೆದುರು ಪ್ರಾರ್ಥನೆಯಲ್ಲೇ ದೇವರಿಗೆ ತಿಳಿಸಿಬಿಟ್ಟ. ರೂಬೇನ ಎಂದರೆ 'ಇಗೋ, ಮಗ'. ಸೂಲಗಿತ್ತಿ ಹುಸೇನಬೀ ಹೊರಗೆ ಬಂದು ಹೆಣ್ಣು ಎಂದಳು. ಪ್ರಾರ್ಥನೆಯನ್ನು ಹಿಂದಕ್ಕೆ ಪಡೆಯುವ ಪದ್ಧತಿ ಅವರಲ್ಲಿ ಇರಲಿಲ್ಲ. ಕೂಸು ರೂಬೇನಮ್ಮ ಆಯಿತು. ಮುಂದೆ ಸಿಮೆಯೋನಮ್ಮ, ಲೇವಮ್ಮ, ಯೆಹೂದಮ್ಮ ಬಂದರು. ಆಮೇಲೆ ಮಕ್ಕಳಾಗಲಿಲ್ಲ. ಯಾಕೋಬನ ಹೆಂಡತಿ ಲೇಯಾಳಿಗೂ ಯೆಹೂದನ ನಂತರ ಹೆರಿಗೆ ನಿಂತಿತ್ತು ಎಂದು ಅಂಬಾರಾಯ ವಾಕ್ಯ ತೋರಿಸಿ ಸಮಾಧಾನಪಟ್ಟ. ನಾಲ್ಕು ಹೆತ್ತವಳನ್ನು ಯಾರೂ ಏನೂ ಕೇಳಲಿಲ್ಲ.

ಶಾಲೆಗೆ ಹಾಕುವ ದಿನ ಮಗಳಿಗೆ ಜ್ವರವಿತ್ತು. ಅಂಬಾರಾಯ ಒಬ್ಬನೇ ಹೋಗಿ ಹೆಸರು ಹೇಳಿ ಬಂದ. ಮಾಸ್ತರರು ತಮ್ಮ ವಿವೇಕ ಬಳಸಿ 'ರೂಬೇನಪ್ಪ, ಗಂಡು' ಎಂದು ಬರೆದುಕೊಂಡರು. ತಪ್ಪು ಗೊತ್ತಾದ ಮೇಲೂ ಅಂಬಾರಾಯ ತಿದ್ದಿಸಲು ಹೋಗಲಿಲ್ಲ. ದೇವರು ಕೊಡದ ಮಗನನ್ನು ಸರಕಾರ ಕೊಟ್ಟಿತ್ತು. ಬೇಡ ಅನ್ನಲು ಅವನಿಗೆ ಮನಸ್ಸಾಗಲಿಲ್ಲ.

ಹೀರಾಬಾಯಿಗೆ ಓದು ಬರುತ್ತಿರಲಿಲ್ಲ. ಹದಿನಾಲ್ಕರ ರೂಬೇನಮ್ಮ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಎದುರು ಬೈಬಲ್ ಓದುತ್ತಿದ್ದಾಗ ಅವ್ವ ಕೇಳಿದಳು: "ಈ ಹೆಸರೆಲ್ಲಾ ಇಟ್ಟವ್ರು ಯಾರ ಬೇ?"

ಅಪ್ಪ ಪಡಸಾಲೆಯಿಂದಲೇ, ದೇವರು, ಎಂದ. ಮಗಳು ಎರಡು ಅಧ್ಯಾಯ ಹಿಂದೆ ಮುಂದೆ ತಿರುವಿ ನೋಡಿದಳು. ಇಟ್ಟವರು ಹೆಂಗಸರಾಗಿದ್ದರು. ಹದಿನೈದು ವರ್ಷದಿಂದ ಪ್ರಸಂಗ ಹೇಳುತ್ತಿದ್ದ ಅಪ್ಪನ ಕಣ್ಣಿಗೆ ಬೀಳದ್ದು, ಹಿಟ್ಟಿನ ಕೈಯ ಅವ್ವನಿಗೆ ಹೊಳೆದಿತ್ತು. ರೂಬೇನಮ್ಮ ಆ ರಾತ್ರಿ ಊಟ ಮಾಡುವಾಗ ಅವ್ವನ ಮುಖವನ್ನೇ ನೋಡುತ್ತ ಕೂತಳು.

೧೯೯೦ರಲ್ಲಿ ಅಂಬಾರಾಯನ ಗಂಟಲು ಕೆಟ್ಟಿತು. ಯೆಹೂದನ ವಾರ, 'ಸ್ತುತಿ' ಎಂಬ ಮಾತಿನ ಮಧ್ಯೆಯೇ ದನಿ ನಿಂತಿತು, ಮತ್ತೆ ಬರಲಿಲ್ಲ. ಅಷ್ಟರಲ್ಲಿ ಉಪದೇಶಿಗಳ ತರಬೇತಿಗೆ ಯುವಕರು ಬೇಕು ಎಂದು ಆಳಂದದ ಮಿಷನ್ನಿನಿಂದ ಸುತ್ತೋಲೆ ಬಂತು. ಅಂಬಾರಾಯ ಯಾರನ್ನೂ ಕೇಳದೆ ರೂಬೇನಪ್ಪನ ಶಾಲಾ ದಾಖಲೆಯನ್ನು ಕಳಿಸಿದ. 'ಪ್ರಿಯ ಸಹೋದರ ರೂಬೇನಪ್ಪನವರೇ' ಎಂದು ಆಯ್ಕೆಗೆ ಕರೆದು ಪತ್ರ ಬಂತು. ಹತ್ತೊಂಬತ್ತರ ಸಹೋದರ ಅವ್ವನನ್ನು ಕರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಆಳಂದದ ಬಸ್ಸು ಹತ್ತಿದಳು.

ಆಯ್ಕೆಗೆ ಕೂತವರು ಮೂವರು ಪಾದ್ರಿ ಅಯ್ಯನವರು. ಅಣ್ಣ ಯಾಕೆ ಬರಲಿಲ್ಲ ಎಂದು ವಿಚಾರಿಸಿದರು. ರೂಬೇನಪ್ಪ ತಾನೇ ಎಂದು ತಿಳಿದಾಗ, ಒಬ್ಬರು ಕನ್ನಡಕ ಒರೆಸಿ ಮತ್ತೆ ಕಾಗದ ನೋಡಿದರು. ಹುಡುಗಿಯನ್ನು ನೋಡುವುದಕ್ಕಿಂತ ಕಾಗದವನ್ನು ನಂಬುವುದು ಅವರಿಗೆ ಸುಲಭವಿತ್ತು. ಬಂದದ್ದಕ್ಕೆ ಒಂದು ಪ್ರಶ್ನೆಯಾದರೂ ಇರಲಿ ಎಂದು ಹಿರಿಯರು ಹೆಸರಿನ ಅರ್ಥ ಕೇಳಿದರು.

"ಇಗೋ, ಮಗ ಅಂತರಿ," ಎಂದಳು. ಮೂವರೂ ನಕ್ಕರು. ಅವರ ನಗು ಮುಗಿಯುವವರೆಗೆ ಕಾದಳು.

"ಇಟ್ಟಾಕಿ ಲೇಯಾರಿ. ಗಂಡ ಆಕಿನ್ನ ಕಣ್ಣೆತ್ತಿ ನೋಡ್ತಿರಲಿಲ್ಲ. ದೇವರು ನನ್ನ ದುಃಖ ನೋಡ್ಯಾನ, ಇನ್ನರ ಗಂಡ ಪ್ರೀತಿ ಮಾಡ್ತಾನ ಅಂತ ಇಟ್ಳು. ಹನ್ನೆರಡೂ ಹಂಗೇರಿ, ಲೇಯಾ ಇಲ್ಲಾ ಆಕಿ ತಂಗಿ, ಸವತಿ ರಾಹೇಲ ಇಟ್ಟಿದ್ದು. ಕಡೀ ಹೆಸರೊಂದು ಗಂಡ ಬದಲು ಮಾಡ್ದ, ರಾಹೇಲ ಸತ್ತಮ್ಯಾಲ. ನಾವು ಪಾಠ ಅಂತ ಹೇಳೋದೆಲ್ಲಾ ಆ ಇಬ್ರ ಅಳುರಿ."

ಬಾಗಿಲಲ್ಲಿ ನಿಂತಿದ್ದ ಹೀರಾಬಾಯಿ ಸೆರಗು ಕಚ್ಚಿಕೊಂಡಳು. ಅಯ್ಯನವರು ಇಬ್ಬರಿಗೂ ಚಹಾ ಕುಡಿಸಿ ಕಳಿಸಿದರು. ಹದಿನೈದು ದಿನಕ್ಕೆ ಪತ್ರ ಬಂತು: ಸಹೋದರಿಯ ಜ್ಞಾನ ಮೆಚ್ಚತಕ್ಕದ್ದು, ಆದರೆ ಸ್ಥಳವಿಲ್ಲ, ಅವಳಿಗಾಗಿ ಪ್ರಾರ್ಥಿಸುತ್ತೇವೆ. ಪ್ರಾರ್ಥನೆಗೆ ಸ್ಥಳ ಬೇಕಿಲ್ಲವಲ್ಲ.

ಪತ್ರ ಬಂತೇ ಹೊರತು ಉಪದೇಶಿ ಬರಲಿಲ್ಲ. ಆಮೇಲೂ ಮೂರು ಆದಿತ್ಯವಾರ ಸಭೆ ಬರೀ ಹಾಡಿ ಎದ್ದುಹೋಯಿತು. ನಾಲ್ಕನೆಯದಕ್ಕೆ ರೂಬೇನಮ್ಮ ಎದ್ದು ನಿಂತು, ಅಪ್ಪ ಬಿಟ್ಟಲ್ಲಿಂದ ಮುಂದಿನ ಹೆಸರು ಹಿಡಿದಳು: ದಾನ, ಅಂದರೆ ನ್ಯಾಯ. ಹೆಣ್ಣಿನ ಬಾಯಿಂದ ವಾಕ್ಯ ಕೇಳುವುದಿಲ್ಲ ಎಂದು ಕಾಶಪ್ಪ ಎದ್ದ. ಹಾಗಾದರೆ ತಾವೇ ಓದಿ ಎಂದು ಅವಳು ಪುಸ್ತಕ ಚಾಚಿದಳು. ಕಾಶಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಕಣ್ಣು ಮಂಜು ಎಂದು ಹೇಳಿ ಕೂತ.

ನಫ್ತಾಲಿಯ ವಾರ, ಒಂದೇ ಮನೆಯ ಅಕ್ಕತಂಗಿ ಒಬ್ಬ ಗಂಡಸಿಗಾಗಿ ಹೋರಾಡಿದ ಕಥೆ ಹೇಳಿದಾಗ ಯಾರೂ ತೂಕಡಿಸಲಿಲ್ಲ. ಮನೆಯಲ್ಲೇ ಉಳಿಯುತ್ತಿದ್ದ ಹೆಂಗಸರು ಬರತೊಡಗಿದರು. ಅಂಬಾರಾಯ ಮುಂದಿನ ಚಾಪೆಯಲ್ಲಿ ಕೂತು ಕೇಳಿದ. ಅಂದು ಮನೆಗೆ ಬಂದು, ಎಂದೂ ಇಲ್ಲದವನು, ಒಡಕು ಪಿಸುಮಾತಿನಲ್ಲಿ ಹೀರಾಬಾಯಿಯನ್ನು ಕೇಳಿದ: "ದೊಡ್ಡಾಕಿ ಹುಟ್ಟಿದಾಗ ನೀ ಏನ್ ಹೆಸರಿಡಬೇಕಂತಿದ್ದಿ?"

ಹೀರಾಬಾಯಿ ನೆನಪಿಲ್ಲ ಎಂದಳು. ಆದರೆ ಮಗಳಿಗೆ ಒಬ್ಬಳಿಗೇ ಆ ಹೆಸರು ಹೇಳಿದಳು. ರೂಬೇನಮ್ಮ ಅದನ್ನು ಯಾರಿಗೂ ಹೇಳಲಿಲ್ಲ.

ಆರು ವರ್ಷ ಅವಳೇ ಸಭೆ ನಡೆಸಿದಳು. ೧೯೯೬ರಲ್ಲಿ ತರಬೇತಿ ಪಡೆದ ಯುವಕನೊಬ್ಬ ಬಂದ. ಬೀಗದ ಕೈ ಕೊಟ್ಟಳು. ಅವನು ಬೈಬಲಿನ ಕಡೆಯ ಪುಸ್ತಕದಲ್ಲಿ ಬರುವ ಅಂತ್ಯಕಾಲದ ಮೃಗಗಳ ಬಗ್ಗೆ ಗಟ್ಟಿಯಾಗಿ ಮಾತಾಡುತ್ತಿದ್ದ. ಗಂಡಸರು ಮತ್ತೆ ತೂಕಡಿಸತೊಡಗಿದರು. ಹೆಂಗಸರು ಒಬ್ಬೊಬ್ಬರಾಗಿ ಮಂದಿರ ಬಿಟ್ಟು, ಮಧ್ಯಾಹ್ನ ರೂಬೇನಮ್ಮನ ಅಂಗಳಕ್ಕೆ ಬಂದು ಕೂರತೊಡಗಿದರು. ಅವಳು ಮಾತ್ರ ಬೆಳಿಗ್ಗೆ ತಪ್ಪದೆ ಮಂದಿರಕ್ಕೆ ಹೋಗುತ್ತಿದ್ದಳು. ಯಾಕೆ ಎಂದು ಹೆಂಗಸರು ಕೇಳಿದರೆ ಹೇಳುತ್ತಿದ್ದಳು: "ಪಾಪ, ಅಷ್ಟ್ ದೂರದಿಂದ ಬಂದಾನ. ಒಬ್ರರ ಎಚ್ಚರ ಇರಬೇಕಲ್ಲ."