ಕೆಂಪಮ್ಮನ ಬುಟ್ಟಿಯಲ್ಲಿದ್ದ ಬ್ಲೈಂಡ್

ನಲವತ್ತಮೂರನೇ ಇಸವಿ. ಕುಂದಾಣದ ಆಚೆಯ ಬೋರೆಯಲ್ಲಿ ಮಿಲಿಟರಿಯವರು ಮಾರ್ಟರ್ ಹಾರಿಸುವುದನ್ನು ಕಲಿಯುತ್ತಿದ್ದರು. ಮಾರ್ಟರ್ ಎಂದರೆ ನೆಲಕ್ಕೆ ಊರಿದ ಕೊಳವೆ. ಅದರಿಂದ ಬಾಂಬು ಮೇಲಕ್ಕೆ ಹೋಗಿ ದೂರದಲ್ಲಿ ಬಿದ್ದು ಸಿಡಿಯುತ್ತದೆ. ಹಾರಿಸುವುದು ಮುಗಿದ ಮೇಲೆ ಚೂರು ಕಬ್ಬಿಣ ಆರಿಸುವ ಹನ್ನೊಂದು ಹೆಂಗಸರಿಗೆ ನಾನು ಮೇಸ್ತ್ರಿ. ಎರಡನೇ ಕ್ಲಾಸು ಓದಿದವಳು, ಬಾಯಿ ಮಾತ್ರ ಜೋರು. ಅದಕ್ಕೇ ಆ ಕೆಲಸ ಸಿಕ್ಕಿದ್ದು.

ಮೊದಲ ದಿನವೇ ಹವಾಲ್ದಾರರು ಒಂದು ಮಾತು ಕಲಿಸಿದರು: ಬ್ಲೈಂಡ್. ಬಿದ್ದೂ ಸಿಡಿಯದೆ ಉಳಿದ ಬಾಂಬಿಗೆ ಆ ಹೆಸರು. “ಸತ್ತೈತೆ ಅನ್ಕೋಬೇಡಿ ಕಣಮ್ಮ. ಒಳಗೆ ಮದ್ದು ಹಂಗೇ ಐತೆ,” ಎಂದರು. ಕಂಡವರು ಮುಟ್ಟದೆ, ನಿಂತಲ್ಲೇ ‘ಬ್ಲೈಂಡ್’ ಎಂದು ಕೂಗಬೇಕು. ಅವರು ಬಂದು ಕೆಂಪು ಬಾವುಟ ನೆಡುತ್ತಾರೆ. “ನಮ್ಮನೆಯೋರಂಗೇ ಬಿಡಿ, ಮಲಗಿದ್ರೂ ನಂಬಂಗಿಲ್ಲ,” ಎಂದು ನಮ್ಮ ಗುಂಪಿನ ಸಾಕಮ್ಮ ಎಲ್ಲರನ್ನೂ ನಗಿಸಿದಳು. ಹೊಸಬರು ಬಂದರೆ ಬ್ಲೈಂಡ್ ವಿಷಯ ಕಲಿಸುವುದು ನನ್ನ ಕೆಲಸ.

ಕೆಂಪಮ್ಮ ಬಂದಾಗ ಐದು ತಿಂಗಳ ಬಸುರಿ. ಗಂಡನ ಕಾಲು ಮುರಿದಿತ್ತು; ಅವಳ ಕೂಲಿಯಿಂದಲೇ ಮನೆ ನಡೆಯಬೇಕಿತ್ತು. ಬಸುರಿಗೆ ಭಯದ ಮಾತು ಹೇಳಬಾರದು ಎನ್ನುವುದು ನಮ್ಮ ಕಡೆಯ ರೂಢಿ. ನಾನು ಹೇಳಲಿಲ್ಲ. ನನ್ನ ಹಿಂದೆಯೇ ಆರಿಸಿಕೊಂಡು ಬಾ ಎಂದೆ. ಹವಾಲ್ದಾರರು ಕೇಳಿದಾಗ, ಕಲಿಸಿದ್ದೀನಿ ಎಂದುಬಿಟ್ಟೆ.

ನಾಲ್ಕನೆಯ ದಿನ ನಾನು ಎಲೆ ಅಡಿಕೆ ಹಾಕಿಕೊಳ್ಳಲು ಕೂತಿದ್ದೆ. ಕೆಂಪಮ್ಮ ಬುಟ್ಟಿ ಹೊತ್ತು ಕಬ್ಬಿಣದ ರಾಶಿಯ ಕಡೆ ಬಂದಳು. “ಅಕ್ಕಾ, ಇಡೀದೇ ಒಂದು ಸಿಕ್ತು ನೋಡು,” ಎಂದಳು, ಖುಷಿಯಲ್ಲಿ. ಬುಟ್ಟಿಯ ಅಂಚಿನ ಮೇಲೆ ಬಾಂಬಿನ ಬಾಲದ ರೆಕ್ಕೆ ಕಾಣುತ್ತಿತ್ತು. ಜೋರು ಬಾಯಿಯವಳು ನಾನು. ‘ಬ್ಲೈಂಡ್’ ಎಂದು ಕೂಗಿದ್ದು ಮಾತ್ರ ಸಾಕಮ್ಮ. ಹವಾಲ್ದಾರರು ಎಲ್ಲರನ್ನೂ ದೂರ ಕಳಿಸಿ, ಅಲ್ಲಾಡಬೇಡ ತಾಯಿ ಎನ್ನುತ್ತಾ ಹತ್ತಿರ ಹೋಗಿ, ಬುಟ್ಟಿ ಇಳಿಸಿ ತಗ್ಗಿನಲ್ಲಿ ಇಟ್ಟುಬಂದರು. ಮಧ್ಯಾಹ್ನ ಬತ್ತಿ ಇಟ್ಟು ಸಿಡಿಸಿದಾಗ, ದೂರ ನಿಂತಿದ್ದ ನಮ್ಮ ತಲೆಯ ಮೇಲೂ ಮಣ್ಣು ಉದುರಿತು.

“ಮೇಸ್ತ್ರಿ ನಿಂಗೆ ಹೇಳ್ಕೊಟ್ಟಿರ್ಲಿಲ್ವಾ?” ಎಂದು ಹವಾಲ್ದಾರರು ಕೆಂಪಮ್ಮನನ್ನು ಕೇಳಿದರು.

ಅವಳು ನನ್ನ ಮುಖ ನೋಡಿದಳು. “ಹೇಳಿದ್ರು ಸ್ವಾಮಿ. ನಾನೇ ಮರ್ತೆ.”

ಅವಳನ್ನು ಆವತ್ತೇ ಕೆಲಸದಿಂದ ಬಿಡಿಸಿದರು. ನಾನು ಬಾಯಿ ಬಿಡಲಿಲ್ಲ. ಯುದ್ಧ ಮುಗಿಯುವವರೆಗೂ ನಾನೇ ಮೇಸ್ತ್ರಿ. ಅವಳಿಗೆ ಹೆರಿಗೆಯಾಯಿತೆಂದು ಕೇಳಿದೆ, ನೋಡಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಆಮೇಲೆ ಬಂದ ಪ್ರತಿಯೊಬ್ಬಳಿಗೂ ಬುಟ್ಟಿ ಕೊಡುವ ಮುಂಚೆ ಆ ಮಾತು ಕಲಿಸಿದೆ, ಬಸುರಿಯಾದರೆ ಎರಡು ಸಲ. ಕೆಲಸ ನನಗೆ ಕಲಿಸಿದ್ದು ಅಷ್ಟೆ. ಒಳ್ಳೆಯ ಮೇಸ್ತ್ರಿ ಎಂಬ ಹೆಸರೂ ಬಂತು. ಆ ಹೆಸರು ಕೆಂಪಮ್ಮ ಹೇಳಿದ ಸುಳ್ಳಿನದು.