ಎರಡು ಬೆಕ್ಕಿಗೆ ಒಂದು ಟ್ಯೂಬು

ಕಾಜಾ ಅಕ್ಕ ನಮ್ಮ ಪಶು ಚಿಕಿತ್ಸಾಲಯದ ಮೇಲೆ, ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಳು. ದರ್ಜಿ ಅಂಗಡಿಗಳಿಂದ ಅಂಗಿ ತಂದು, ಕಾಜಾ ಕಟ್ಟಿ, ಗುಂಡಿ ಹಚ್ಚಿ ಕೊಡುವುದು ಅವಳ ಕಸುಬು. ಗಂಡ ತೀರಿಕೊಂಡ ಮೇಲೆ ಆರು ವರ್ಷದಲ್ಲಿ ನಾಲ್ಕು ಮನೆ ಬಿಟ್ಟಿದ್ದಳು, ನಾಲ್ಕೂ ಬೆಕ್ಕಿನ ಕಾರಣಕ್ಕೆ. ನಾನು ಕೆಳಗೆ ಡಾಕ್ಟರ ಬಳಿ ಪ್ರಾಣಿಗಳನ್ನು ಹಿಡಿದುಕೊಳ್ಳುವವಳು. ನಾಯಿ ಕಚ್ಚಿದರೆ ತಡೆದುಕೊಂಡೇನು, ಮನುಷ್ಯರು ಸುಳ್ಳು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಟ್ಟಡದ ಯಜಮಾನರು ನಮ್ಮ ಡಾಕ್ಟರ ಮಾವ. ಬೆಳಗಾದರೆ ಚಿಕಿತ್ಸಾಲಯದ ಕುರ್ಚಿಯಲ್ಲೇ ಕೂತು ಪೇಪರ್ ಓದುವವರು. ಬೆಕ್ಕು ಒಂದೇ, ಎರಡನೆಯದು ಕಂಡರೆ ಮನೆ ಖಾಲಿ ಎಂದು ಅಕ್ಕನಿಗೆ ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅವಳಲ್ಲಿ ಇದ್ದದ್ದು ಎರಡು. ಚಿಂದಿ ಮೂಟೆಯಲ್ಲಿ ಸಿಕ್ಕ ಅಣ್ಣ ತಂಗಿ, ಒಂದೇ ಬೂದು ಬಣ್ಣ, ಒಂದೇ ಪಟ್ಟೆ. ಕರೆದರೆ ಅಕ್ಕಪಕ್ಕದವರಿಗೆ ಒಂದೇ ಕೇಳಲಿ ಎಂದು ಎರಡಕ್ಕೂ ಚಿನ್ನಿ ಎಂದೇ ಹೆಸರಿಟ್ಟಿದ್ದಳು. ಒಂದು ಕಿಟಕಿಯಲ್ಲಿದ್ದರೆ ಇನ್ನೊಂದು ಬಚ್ಚಲಲ್ಲಿ. ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಒಂದನ್ನು ಅಡಗಿಸಿ ಆಮೇಲೆ ಚಿಲಕ ತೆಗೆಯಬೇಕು. ನೆಂಟರಿಷ್ಟರನ್ನು ಕರೆಯುವುದನ್ನೇ ಬಿಟ್ಟಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ.

ಮೊದಲ ಸಲ ಅವಳು ಚಿನ್ನಿಯನ್ನು ತಂದಾಗ ಅದು ತಲೆ ಕೊಡವಿ ಕೊಡವಿ ಸುಸ್ತಾಗಿತ್ತು. ಕಿವಿಯೊಳಗೆ ಕಾಫಿ ಗಷ್ಟಿನಂಥ ಕಪ್ಪು ಕೊಳೆ. ಡಾಕ್ಟರು ಅದನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು, ಬಿಳಿ ಹುಳ ಹರಿದಾಡುತ್ತಿದ್ದವು. ಕಿವಿ ಒರೆಸಿ, ಕತ್ತಿನ ಹಿಂದೆ ಹಾಕುವ, ಒಂದು ಬೆಕ್ಕಿಗೆ ಒಂದು ಸಲಕ್ಕಾಗುವ ಮದ್ದಿನ ಟ್ಯೂಬು ಕೊಟ್ಟರು. ನಾಲ್ಕು ವಾರ ಬಿಟ್ಟು ಇನ್ನೊಂದು, ಹಾಸಿದ ಬಟ್ಟೆಯೆಲ್ಲ ಬಿಸಿನೀರಲ್ಲಿ ಒಗೆಯಬೇಕು, ಮನೆಯಲ್ಲಿ ಎಷ್ಟು ಬೆಕ್ಕಿದ್ದರೂ ಎಲ್ಲಕ್ಕೂ ಒಟ್ಟಿಗೇ ಹಾಕಬೇಕು, ಇಲ್ಲದಿದ್ದರೆ ಹುಳ ಅದರಿಂದ ಇದಕ್ಕೆ ವಾಪಸ್ ಬರುತ್ತವೆ ಎಂದರು. ಬೇರೆ ಬೆಕ್ಕಿದೆಯಾ ಎಂದೂ ಕೇಳಿದರು. ಕುರ್ಚಿಯಲ್ಲಿ ಪೇಪರ್ ಕೆಳಗಿಳಿಯಿತು. ಅಕ್ಕ ಇಲ್ಲ ಎಂದಳು.

ತಿಂಗಳಿಗೆ ಮತ್ತೆ ಬಂದಳು, ಮತ್ತೆ ಅದೇ ಕೊಳೆ. ನಾನು ಬೆಕ್ಕನ್ನು ಎತ್ತಿ ಹಿಡಿದೆ. ಚೀಟಿಯಲ್ಲಿ ಹೆಣ್ಣು, ಕೈಯಲ್ಲಿ ಗಂಡು! ಡಾಕ್ಟರ ಕಣ್ಣು ಕಿವಿಯೊಳಗೇ ಇತ್ತು, ಸದ್ಯ. ಬಾಯಿಗೆ ಬೀಗ ಹಾಕಿಕೊಂಡು ನಿಂತೆ, ಆಮೇಲೆ ಮೆಟ್ಟಿಲಲ್ಲಿ ಹಿಡಿದು ಚೆನ್ನಾಗಿ ಜಾಡಿಸಿದೆ. ಆಗ ಎಲ್ಲ ಹೇಳಿದಳು. ಒಂದು ಅಂಗಿಗೂ ಸಾಲದ ಬಟ್ಟೆಯಲ್ಲೇ ಎರಡು ಅಂಗಿ ಹೊರಡಿಸುವವರ ನಡುವೆ ಬದುಕಿದವಳು, ಟ್ಯೂಬನ್ನೂ ಎರಡು ಪಾಲು ಮಾಡಿ ಅರ್ಧರ್ಧ ಹಾಕಿದ್ದಳು!

“ಅಕ್ಕಾ, ಅರ್ಧ ಹಾಕಿದ್ರೆ ಎರಡೂ ವಾಸಿ ಆಗಲ್ಲ,” ಎಂದೆ.

“ಮತ್ತೇನ್ ಮಾಡ್ಲಿ? ಎರಡಿದೆ ಅಂದ್ರೆ ಒಂದನ್ನ ಬಿಟ್ಟು ಬಾ ಅಂತಾರೆ. ಯಾವುದನ್ನ ಬಿಡ್ಲಿ, ನೀನೇ ಹೇಳು.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಡಾಕ್ಟರಿಗೆ ಹೇಳೋಣವೆಂದರೆ ಮಾವನ ಮುಂದೆ ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಆ ಟ್ಯೂಬು ಊರಿನ ಮದ್ದಿನಂಗಡಿಯಲ್ಲಿ ಸಿಗದು, ಕದಿಯೋಣವೆಂದರೆ ಬೀರುವಿನ ಬೀಗದ ಕೈ ಅವರ ಜೇಬಿನಲ್ಲಿ. ಬೇರೆ ಡಾಕ್ಟರ ಹತ್ತಿರ ಹೋಗು ಎಂದರೆ, ಬುಟ್ಟಿ ಹಿಡಿದು ಗೇಟು ದಾಟಿದರೆ ಯಜಮಾನರು ಎಲ್ಲಿಗೆ ಎಂದು ಕೇಳದೆ ಬಿಡುವುದಿಲ್ಲ ಎಂದಳು. ನನಗೂ ಕೆಲಸ ಬೇಕಿತ್ತು. ಸುಮ್ಮನಾದೆ, ಅದಕ್ಕೆ ಇವತ್ತಿಗೂ ನಾಚಿಕೆಯಿದೆ.

ಮೂರನೇ ಸಲ ಹೆಣ್ಣು ಚಿನ್ನಿ ಬಂದಾಗ ಕಿವಿ ಕೆರೆದು ಕೆರೆದು, ರಕ್ತ ತುಂಬಿ, ಪುಟ್ಟ ದಿಂಬಿನಂತೆ ಊದಿತ್ತು. ಡಾಕ್ಟರು ರೇಗಿದರು. ಊತವನ್ನು ಕೊಯ್ಯಲೇಬೇಕು, ಹುಳ ಹೀಗೇ ಮರುಕಳಿಸಿದರೆ ಕಿವಿ ಕೇಳಿಸುವುದೂ ಹೋದೀತು ಎಂದರು. ಬೇರೆ ಬೆಕ್ಕಿಲ್ಲ ತಾನೇ ಎಂದು ಮತ್ತೆ ಕೇಳಿದರು. ಅವಳ ಪರವಾಗಿ ಯಜಮಾನರೇ ಉತ್ತರ ಕೊಟ್ಟರು, ಒಂದೇ, ನಾನೇ ಷರತ್ತು ಹಾಕಿದ್ದೇನೆ ಎಂದು.

ಅಕ್ಕ ಬೆಕ್ಕನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು. ಮೂರು ಮಹಡಿ ಹತ್ತಿಳಿದು, ಏದುಸಿರು ಬಿಡುತ್ತ, ಇನ್ನೊಂದು ಚಿನ್ನಿಯನ್ನು ಅವುಚಿಕೊಂಡು ಯಜಮಾನರ ಮುಂದೆಯೇ ಬಂದು ಮೇಜಿನ ಮೇಲೆ ಇಟ್ಟಳು.

“ಎರಡಿವೆ ಡಾಕ್ಟ್ರೇ. ಎರಡಕ್ಕೂ ಪೂರ್ತಿ ಹಾಕಿ.”

ಯಜಮಾನರು ಪೇಪರ್ ಮಡಿಸಿದರು. ಕೂಗಾಡಲಿಲ್ಲ. ಎರಡೂ ಬೆಕ್ಕುಗಳನ್ನು ಒಮ್ಮೆ ನೋಡಿ, ಮನೆ ಖಾಲಿ ಮಾಡಲು ಇವತ್ತಿನಿಂದ ಒಂದು ತಿಂಗಳು ಟೈಮು ಎಂದಷ್ಟೇ ಹೇಳಿ ಎದ್ದುಹೋದರು. ಡಾಕ್ಟರು ತಲೆ ತಗ್ಗಿಸಿ ಎರಡು ಟ್ಯೂಬು ಒಡೆದರು. ನನ್ನ ಕಣ್ಣು ತುಂಬಿ ಬಂತು. ಅಕ್ಕ ಅಳಲಿಲ್ಲ, ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದಳು.

“ಎರಡನೇ ಸಲ ಹಾಕೋದು ನಾಲ್ಕು ವಾರಕ್ಕಲ್ವಾ ಡಾಕ್ಟ್ರೇ?” ಎಂದಳು. “ಹಾಗಾದ್ರೆ ಎರಡು ದಿನ ಮಿಗುತ್ತೆ. ಹಾಕಿಸ್ಕೊಂಡೇ ಹೋಗ್ತೀನಿ.”